ಸ್ಕೀಮಿನಲ್ಲಿ ಬರೆದ ಸೊನ್ನೆ

ಎಪ್ಪತ್ತನ್ನು ಐದರಿಂದ ಭಾಗಿಸಿದರೆ ಹದಿನಾಲ್ಕು. ಆ ಹದಿನಾಲ್ಕನ್ನು ಮತ್ತೆ ಐದರಿಂದ ಭಾಗಿಸಿದರೆ ನಾಲ್ಕು ಉಳಿಯುತ್ತದೆ. ಇದು ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ದಾವಣಗೆರೆಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳುತ್ತಿರುವ ನಾನು ಮಾತ್ರ ಅಲ್ಲಿ ಏನೂ ಉಳಿಯುವುದಿಲ್ಲ, ಸೊನ್ನೆ, ಎಂದು ಬರೆದಿದ್ದೆ. ಬರೆದು ಸುಮ್ಮನಿದ್ದರೂ ಆಗುತ್ತಿತ್ತು. ನಾಲ್ಕು ಎಂದು ಬರೆದವಳ ಉತ್ತರದ ಮೇಲೆ ಕೆಂಪು ಪೆನ್ನಿನಿಂದ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಸಿಟ್ಟು ಎಲ್ಲರಿಗೂ ಗೊತ್ತಿರುವಂಥದ್ದು. ಹರಿಹರದ ನಮ್ಮ ಓಣಿಯಲ್ಲಿ ನಲ್ಲಿ ನೀರು ಬಿಡುವವನಿಂದ ಹಿಡಿದು ಕಾಲೇಜಿನ ಪ್ರಿನ್ಸಿಪಾಲರವರೆಗೆ ಎಲ್ಲರೂ ನನ್ನ ಬಾಯಿಗೆ ಒಮ್ಮೆಯಾದರೂ ಸಿಕ್ಕವರೇ. ನನ್ನ ಗಂಡ ಬೆಳಿಗ್ಗೆ ಪೇಪರು ಮಡಚಿಡುತ್ತ, "ಇವತ್ತು ಯಾರ ಸರದಿ?" ಎಂದು ಕೇಳುತ್ತಾರೆ. ಅಷ್ಟೂ ವರ್ಷ ಆ ಸಿಟ್ಟು ಬೇರೆಯವರ ಮೇಲೆಯೇ ಹರಿಯುತ್ತಿತ್ತು. ಹಾಗಾಗಿ ಅದರ ಬಗ್ಗೆ ನನಗೆ ಒಂದು ಥರದ ಹೆಮ್ಮೆಯೂ ಇತ್ತು.

ನಾನು ಎಂ.ಎಸ್ಸಿ.ಯವರಿಗೆ ಹೇಳುವ ಪಾಠಗಳಲ್ಲಿ ನನಗೆ ತೀರ ಹಿಡಿಸಿದ್ದು ಶೇಷಗಳ ಗಣಿತ. ಏನದು ಎಂದು ಕೇಳಿದವರಿಗೆ ವಾರದ ಲೆಕ್ಕ ಹೇಳುತ್ತೇನೆ. ಇವತ್ತು ಸೋಮವಾರವಾದರೆ ನೂರ ಮೂವತ್ತೆರಡು ದಿನ ಕಳೆದ ಮೇಲೆ ಯಾವ ವಾರ? ಕ್ಯಾಲೆಂಡರ್ ತಿರುವಬೇಕಾಗಿಲ್ಲ. ಏಳೇಳಾಗಿ ತೆಗೆದುಹಾಕುತ್ತ ಹೋದರೆ ಕೊನೆಗೆ ಆರು ಉಳಿಯುತ್ತದೆ. ಸೋಮವಾರದಿಂದ ಆರು ದಿನ ಮುಂದೆ ಹೋದರೆ ಭಾನುವಾರ. ಎಷ್ಟು ದೊಡ್ಡ ಸಂಖ್ಯೆಯಾದರೂ ಏಳರ ಲೋಕದಲ್ಲಿ ಅದು ಏಳು ವಾರಗಳಲ್ಲಿ ಒಂದಾಗಿ ಕೂರುತ್ತದೆ. ಏಳರ ಬದಲು ಐದು, ಹನ್ನೊಂದು, ಹದಿಮೂರು, ಹೀಗೆ ಯಾವ ಅವಿಭಾಜ್ಯವನ್ನಾದರೂ ಹಿಡಿಯಬಹುದು. ಎಣಿಕೆಯ ದೊಡ್ಡ ದೊಡ್ಡ ಸಂಖ್ಯೆಗಳು ಅವಿಭಾಜ್ಯಗಳ ಮುಂದೆ ಏನು ಉಳಿಸುತ್ತವೆ ಎಂದು ನೋಡುವುದು ನಮ್ಮ ಕೆಲಸ.

ಆ ಎಣಿಕೆಯ ಸಂಖ್ಯೆಗಳಲ್ಲಿ ಒಂದು ಸಾಲಿಗೆ ಯಾರೋ ದೊಡ್ಡವರ ಹೆಸರಿದೆ. ಕ್ಲಾಸಿನಲ್ಲಿ ನಾವು ಅವನ್ನು ಬಸ್ಸಿನ ಸಂಖ್ಯೆ ಎನ್ನುತ್ತಿದ್ದೆವು. ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಓಡಾಡುವವಳಿಗೆ ಬೇರೆ ಉದಾಹರಣೆ ಎಲ್ಲಿಂದ ಬರಬೇಕು? ಬಸ್ಸು ಖಾಲಿ ಹೊರಡುತ್ತದೆ. ಎಂಟು ಸ್ಟಾಪು. ಪ್ರತಿ ಸ್ಟಾಪಿನಲ್ಲೂ ಒಬ್ಬರು ಹತ್ತುತ್ತಾರೆ, ಇಲ್ಲವೇ ಒಬ್ಬರು ಇಳಿಯುತ್ತಾರೆ. ನಾಲ್ಕು ಜನ ಹತ್ತಿ ನಾಲ್ಕು ಜನ ಇಳಿದು ಕೊನೆಗೆ ಬಸ್ಸು ಮತ್ತೆ ಖಾಲಿಯಾಗಬೇಕು. ಒಳಗೆ ಯಾರೂ ಇಲ್ಲದಾಗ ಇಳಿಯುವುದಕ್ಕೆ ಆಗುವುದಿಲ್ಲ. ಈ ಹತ್ತುವ ಇಳಿಯುವ ಕ್ರಮ ಎಷ್ಟು ಥರ ನಡೆಯಬಹುದು? ಹದಿನಾಲ್ಕು. ಸ್ಟಾಪು ನಾಲ್ಕೇ ಇದ್ದರೆ ಎರಡು, ಹನ್ನೆರಡಿದ್ದರೆ ನೂರ ಮೂವತ್ತೆರಡು.

ಒಂದೊಂದಾಗಿ ಎಣಿಸುತ್ತ ಕೂರಬೇಕಾಗಿಲ್ಲ, ಸೂತ್ರವಿದೆ. ಎಂಟು ಸ್ಟಾಪಿನಲ್ಲಿ ಹತ್ತುವ ನಾಲ್ಕನ್ನು ಆರಿಸಲು ಎಪ್ಪತ್ತು ದಾರಿ. ಹತ್ತುವವರು ನಾಲ್ಕು, ಅದಕ್ಕೆ ಒಂದು ಸೇರಿಸಿದರೆ ಐದು. ಎಪ್ಪತ್ತನ್ನು ಐದರಿಂದ ಭಾಗಿಸಿದರೆ ಹದಿನಾಲ್ಕು. ಈಗ ಪ್ರಶ್ನೆ. ಹೀಗೆ ಒಂದು ಸೇರಿಸಿದಾಗ ಬರುವ ಸಂಖ್ಯೆ ಅವಿಭಾಜ್ಯವಾಗಿದ್ದರೆ, ಬಸ್ಸಿನ ಸಂಖ್ಯೆಯನ್ನು ಅದೇ ಅವಿಭಾಜ್ಯದಿಂದ ಭಾಗಿಸಿದಾಗ ಏನು ಉಳಿಯುತ್ತದೆ?

ನನ್ನ ನೋಟ್ಸಿನಲ್ಲಿ ಮೂರು ಸಾಲಿನ ಉತ್ತರವಿತ್ತು. ಎಪ್ಪತ್ತರಂಥ, ಭಾಗಿಸುವ ಗೆರೆಯ ಮೇಲಿನ ಸಂಖ್ಯೆ ಯಾವಾಗಲೂ ಆ ಅವಿಭಾಜ್ಯದಿಂದ ಪೂರ್ತಿ ಭಾಗವಾಗುತ್ತದೆ, ಶೇಷ ಸೊನ್ನೆ. ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆ. ಆದ್ದರಿಂದ ಉತ್ತರ ಸೊನ್ನೆ. ಎಷ್ಟು ಚೊಕ್ಕ! ಐದರ ಲೋಕದಲ್ಲಿ ಐದೇ ಸೊನ್ನೆ, ನಾನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುತ್ತಿದ್ದೇನೆ ಎಂಬುದು ನನಗೆ ಹೊಳೆಯಲಿಲ್ಲ. ಸಂತೆಯಲ್ಲಿ ಬೆಂಡೆಕಾಯಿ ಮಾರುವವರು ಈ ತಪ್ಪು ಮಾಡುವುದಿಲ್ಲ, ಮಾಡಬೇಕೆಂದರೂ ಅವರಿಗೆ ಆಗುವುದಿಲ್ಲ. ಅಂಕಿಗಳನ್ನು ಬಿಟ್ಟು ಅಕ್ಷರಗಳಲ್ಲೇ ಲೆಕ್ಕ ಮಾಡುವ ನನ್ನಂಥವರೇ ಮಾಡಬೇಕು. ಯಾವುದೋ ವರ್ಷ ಕ್ಲಾಸಿಗೆ ಹೋಗುವ ಗಡಿಬಿಡಿಯಲ್ಲಿ ಬರೆದ ಆ ಮೂರು ಸಾಲನ್ನು ವರ್ಷ ವರ್ಷ ಹೊಸ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದಿದ್ದೆ.

ಆ ನಾಲ್ಕು ಬರೆದವಳು ದಾವಣಗೆರೆಯದೇ ಆನೆಕೊಂಡದವಳು. ವಯಸ್ಸು ಮೂವತ್ತರ ಹತ್ತಿರ. ಡಿಗ್ರಿ ಮುಗಿಸಿ ಎಂಟು ವರ್ಷ ಮನೆಯಲ್ಲಿ ಬ್ಲೌಸು, ಚೂಡಿದಾರ ಹೊಲಿದುಕೊಂಡಿದ್ದು ಆಮೇಲೆ ಎಂ.ಎಸ್ಸಿ.ಗೆ ಸೇರಿದವಳು. ಮನೆಯಲ್ಲಿ ಅಮ್ಮನ ಜೊತೆ ಉರ್ದು, ನಮ್ಮ ಜೊತೆ ಅಪ್ಪಟ ದಾವಣಗೆರೆ ಕನ್ನಡ. ಹೊಸದೇನು ಹೇಳಿಕೊಟ್ಟರೂ ಅವಳು ಮೊದಲು ಪುಟದ ಅಂಚಿನಲ್ಲಿ ಎರಡು, ಮೂರು, ಐದು ಹಾಕಿ ನೋಡಬೇಕು. ಅದು ಬಿಟ್ಟು ಮುಂದಕ್ಕೆ ಹೋಗುವವಳಲ್ಲ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದಾಗ, "ಬಟ್ಟೆಗೆ ಕತ್ರಿ ಹಾಕೋಕೆ ಮೊದ್ಲು ಪೇಪರ್ನಾಗೆ ಕತ್ತರಿಸಿ ನೋಡ್ತೀವಲ್ರಿ, ಹಂಗೆ" ಎಂದಿದ್ದಳು. ಕ್ಲಾಸು ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ನನಗೆ ಆ ಅಭ್ಯಾಸ ಕಂಡರೆ ಆಗುತ್ತಿರಲಿಲ್ಲ. ನಾಲ್ಕು ಉದಾಹರಣೆ ಹಾಕಿ ಸಾಧಿಸಿಬಿಟ್ಟೆವು ಎನ್ನುವ ವಿದ್ಯಾರ್ಥಿಗಳನ್ನು ನೋಡಿ ನೋಡಿ ನನಗೆ ರೋಸಿಹೋಗಿತ್ತು. ಅಂಚಿನಲ್ಲಿ ಅಂಕಿ ಕಂಡರೆ ಅರ್ಧ ಅಂಕ ಕತ್ತರಿಸುತ್ತೇನೆ ಎಂದು ವರ್ಷದ ಮೊದಲನೇ ದಿನವೇ ಹೇಳಿಬಿಡುತ್ತಿದ್ದೆ.

ಆ ಸೊನ್ನೆಯ ಲೆಕ್ಕ ಹೇಳಿಕೊಟ್ಟ ಮರುದಿನ ಅವಳು ಎದ್ದು ನಿಂತಳು.

"ಮೇಡಂ, ನಿನ್ನೆ ಲೆಕ್ಕ ಮನ್ಯಾಗೆ ಮಾಡಿ ನೋಡೀನ್ರಿ. ಐದಕ್ಕೆ ಹದಿನಾಲ್ಕು ಬರ್ತೈತೆ. ಹದಿನಾಲ್ಕಕ್ಕೆ ನಾಲ್ಕು ಉಳೀತೈತಲ್ರಿ. ಸೊನ್ನೆ ಹೆಂಗೆ?"

"ಉದಾಹರಣೆ ಪ್ರೂಫ್ ಆಗಲ್ಲ ತಂಗಿ," ಎಂದೆ. "ಎಣಿಸೋವಾಗ ಎಲ್ಲೋ ತಪ್ಪೀಯ. ಕೂಡ್ರು."

ಅವಳು ಕೂತಳು. ಉದಾಹರಣೆಗಳಿಂದ ಒಂದು ಮಾತನ್ನು ಸಾಧಿಸಲು ಆಗುವುದಿಲ್ಲ ಎಂಬುದು ನಿಜ. ಆದರೆ ಒಂದೇ ಒಂದು ಉದಾಹರಣೆ ಎಂಥ ಸಾಧನೆಯನ್ನೂ ಮುರಿದು ಹಾಕುತ್ತದೆ. ಇದನ್ನೂ ನಾನೇ ಪಾಠ ಮಾಡುತ್ತೇನೆ, ಅದೂ ಮೊದಲ ವಾರದಲ್ಲೇ. ಅವಳು ಕೈಯಲ್ಲಿ ಹಿಡಿದು ತಂದಿದ್ದು ಅಂಥದ್ದೊಂದು ಉದಾಹರಣೆ. ನಾನು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ವರ್ಷದ ಕೊನೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆದವಳೂ ನಾನೇ. ಆ ಲೆಕ್ಕವನ್ನು ಎಂಟು ಅಂಕಕ್ಕೆ ಕೇಳಿದೆ. ಪ್ರಶ್ನೆಯ ಜೊತೆ ಉತ್ತರದ ಕೀಯನ್ನೂ, ಯಾವ ಹೆಜ್ಜೆಗೆ ಎಷ್ಟು ಅಂಕ ಎಂಬುದನ್ನೂ ಬರೆದು ಕೊಡಬೇಕು. ನಮ್ಮಲ್ಲಿ ಅದಕ್ಕೆ ಸ್ಕೀಮ್ ಎನ್ನುತ್ತಾರೆ. ಸೂತ್ರಕ್ಕೆ ಎರಡು, ಮೇಲಿನ ಸಂಖ್ಯೆ ಭಾಗವಾಗುತ್ತದೆ ಎಂದು ತೋರಿಸಿದ್ದಕ್ಕೆ ನಾಲ್ಕು, ಸೊನ್ನೆಗೆ ಎರಡು. ಬರೆದು ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಿ ಕೊಟ್ಟೆ.

ಮೌಲ್ಯಮಾಪನ ನಡೆದದ್ದು ಮೇ ತಿಂಗಳ ಮೊದಲ ವಾರದ ಸೆಕೆಯಲ್ಲಿ. ಉದ್ದನೆ ಹಾಲು, ಗರಗರ ಎನ್ನುವ ಫ್ಯಾನು, ಮೇಜಿನ ಮೇಲೆ ದಾರ ಕಟ್ಟಿದ ಉತ್ತರಪತ್ರಿಕೆಗಳ ಕಟ್ಟು. ಅಲ್ಲಿಯ ಪದ್ಧತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಬೆಳಿಗ್ಗೆ ಒಬ್ಬರು ಸ್ಕೀಮನ್ನು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಯಾರೂ ಉತ್ತರ ಓದುವುದಿಲ್ಲ. ಹೆಜ್ಜೆ ಹುಡುಕುತ್ತಾರೆ. ಸ್ಕೀಮಿನಲ್ಲಿರುವ ಹೆಜ್ಜೆ ಕಂಡರೆ ಟಿಕ್, ಕಾಣದಿದ್ದರೆ ಗೆರೆ. ಹನ್ನೊಂದಕ್ಕೆ ಚಾ, ನಾಲ್ಕಕ್ಕೆ ಮಂಡಕ್ಕಿ ಮಿರ್ಚಿ, ಸಂಜೆಯೊಳಗೆ ಕಟ್ಟು ಮುಗಿಯಬೇಕು. ಬೇಗ ಮುಗಿಸುವವರಲ್ಲಿ ನನ್ನ ಹೆಸರು ಮೊದಲಿತ್ತು.

ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಕೋಡ್ ಮಾತ್ರ. ನಾನು ಗೆರೆ ಎಳೆದ ಪತ್ರಿಕೆ ಯಾರದೆಂದು ನನಗೆ ಗೊತ್ತಿರಲಿಲ್ಲ ಎಂದು ಬಹಳ ಜನಕ್ಕೆ ಹೇಳಿದ್ದೇನೆ. ಸುಳ್ಳು. ಅಂಚಿನಲ್ಲಿ ಪೆನ್ಸಿಲಿನಿಂದ ಎರಡು, ಹದಿನಾಲ್ಕು, ನೂರ ಮೂವತ್ತೆರಡು ಎಂದು ಬರೆದು, ಒಂದೊಂದರ ಮುಂದೆ ಶೇಷ ಬರೆದು ಚೌಕ ಹಾಕಿತ್ತು. ಕ್ಲಾಸಿನಲ್ಲಿ ಹಾಗೆ ಬರೆಯುವವಳು ಒಬ್ಬಳೇ. ನೋಡಿದ ತಕ್ಷಣ ನನಗೆ ಸಿಟ್ಟು ಬಂತು. ಅಷ್ಟು ಹೇಳಿದರೂ ಬಿಡಲಿಲ್ಲವಲ್ಲ ಇವಳು! ಅಂಚಿನ ಪಕ್ಕದಲ್ಲಿ ಒಂದೂವರೆ ಪುಟ ಉತ್ತರವಿತ್ತು. ಅದರಲ್ಲಿ ಸ್ಕೀಮಿನ ಒಂದು ಹೆಜ್ಜೆಯೂ ಕಾಣಲಿಲ್ಲ. ಕೊನೆಯಲ್ಲಿ "ಶೇಷ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ನಾನು ಅದರ ಮೇಲೆ ನನ್ನ ಗೆರೆ ಎಳೆದೆ. ಕಾಗದ ಸ್ವಲ್ಪ ಹರಿಯಿತು.

ಎರಡನೇ ಸಲ ಅದೇ ಪತ್ರಿಕೆಯನ್ನು ಹೊರಗಿನಿಂದ ಬಂದ ಹಿರಿಯ ಮೇಷ್ಟ್ರೊಬ್ಬರು ನೋಡಿದರು. ಅವರ ಕೈಯಲ್ಲಿದ್ದದ್ದೂ ನನ್ನದೇ ಸ್ಕೀಮ್. ಅವರೂ ಸೊನ್ನೆ ಕೊಟ್ಟರು. ಇಬ್ಬರೂ ಒಂದೇ ಅಂಕ ಕೊಟ್ಟರೆ ಮೂರನೆಯವರು ನೋಡುವ ಪ್ರಶ್ನೆಯೇ ಇಲ್ಲ. ಒಬ್ಬಳು ಮಾಡಿದ ತಪ್ಪನ್ನು ಇನ್ನೊಬ್ಬರು ನಕಲು ಮಾಡಿದ್ದಕ್ಕೆ ನಮ್ಮಲ್ಲಿ ಒಮ್ಮತ ಎಂಬ ಹೆಸರು.

ರಿಸಲ್ಟ್ ಬಂದಾಗ ಅವಳು ಆ ಒಂದು ವಿಷಯದಲ್ಲಿ ಐದು ಅಂಕಕ್ಕೆ ಫೇಲಾಗಿದ್ದಳು. ಮದುವೆ ಸೀಸನ್ನಿನಲ್ಲಿ ಹೊಲಿಗೆ ತುಂಬಿಕೊಂಡು ಒಂದು ಅಧ್ಯಾಯವನ್ನೇ ಓದದೆ ಬಿಟ್ಟಿದ್ದಳಂತೆ. ಆದರೆ ಬಿಟ್ಟ ಅಧ್ಯಾಯಕ್ಕೆ ಎಷ್ಟು ಅಂಕ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದು ಹೋದರೂ ಪಾಸಾಗುತ್ತೇನೆ ಎಂದು ಎಣಿಸಿಯೇ ಬಿಟ್ಟಿದ್ದಳು. ಬಸ್ಸಿನ ಲೆಕ್ಕದ ಎಂಟು ಅಂಕ ಅವಳ ಎಣಿಕೆಯಲ್ಲಿ ಸೇರಿತ್ತು.

ಒಂದು ವಾರ ಕಳೆದ ಮೇಲೆ, ಭಾನುವಾರ ಬೆಳಿಗ್ಗೆ, ಅವಳು ಹರಿಹರಕ್ಕೆ ನಮ್ಮ ಮನೆಗೆ ಬಂದಳು. ನಾನು ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದೆ. ಅವಳ ಕೈಯಲ್ಲಿ ಉತ್ತರಪತ್ರಿಕೆಯ ಜೆರಾಕ್ಸ್ ಇತ್ತು. ನಾನು ಎಳೆದ ಗೆರೆ ಜೆರಾಕ್ಸಿನಲ್ಲಿ ಕಪ್ಪಾಗಿ ಬಂದಿತ್ತು.

"ಮೇಡಂ, ಕೊಂಡಜ್ಜಿ ಕಡೆ ಒಂದು ಇಸ್ಕೂಲ್ನಾಗೆ ಹೈಸ್ಕೂಲಿಗೆ ಗಣಿತಕ್ಕೆ ತಗೋತೀನಿ ಅಂದಾರ್ರಿ. ಬಾಗ್ಲು ತೆಗ್ಯೋ ದಿನಕ್ಕೆ ಮಾರ್ಕ್ಸ್ ಕಾರ್ಡ್ ತಂದ್ಬಿಡು ಅಂದಾರೆ. ಇದೊಂದು ಲೆಕ್ಕ ನೋಡ್ರಿ. ಇದು ಸರಿ ಐತೆ."

"ಇಬ್ರು ನೋಡೀವಿ," ಎಂದೆ, ಕೈಯ ಹಿಟ್ಟು ಕೂಡ ಒರೆಸಿಕೊಳ್ಳದೆ. "ಇಬ್ರಿಗೂ ಗೊತ್ತಾಗ್ಲಿಲ್ಲ, ನಿನಗೊಬ್ಬಳಿಗೆ ಗೊತ್ತಾತಾ?"

"ಎಪ್ಪತ್ತನ್ನ ಐದ್ರಿಂದ ಭಾಗ್ಸಿ ನೋಡ್ರಿ ಮೇಡಂ. ಒಂದ್ಸಲ ನೋಡ್ರಿ, ಅಷ್ಟೇ."

"ರೀವ್ಯಾಲ್ಯುಯೇಶನ್‌ಗೆ ಹಾಕು. ಮನೆಗೆ ಬಂದು ಮಾರ್ಕ್ಸ್ ಕೇಳೋದು ಬ್ಯಾಡ."

ಆ ಕೊನೆಯ ಮಾತು ಯಾಕೆ ಬಂತೋ ಗೊತ್ತಿಲ್ಲ. ಅವಳು ಅಂಕ ಬೇಡಲು ಬಂದವಳೇ ಅಲ್ಲ, ಭಾಗಾಕಾರ ಮಾಡಿ ನೋಡಿ ಎಂದು ಕೇಳಲು ಬಂದವಳು. ಅವಳ ಮುಖ ಕೆಂಪಾಯಿತು. ಜೆರಾಕ್ಸನ್ನು ಮಾಳಿಗೆಯ ಕಟ್ಟೆಯ ಮೇಲಿಟ್ಟು, ಹಾರದಂತೆ ಒಂದು ಕಲ್ಲು ಹೇರಿ, ಮೆಟ್ಟಿಲಿಳಿದು ಹೋದಳು. ಕೆಳಗೆ ನನ್ನ ಗಂಡ ಚಾ ಕುಡಿದು ಹೋಗು ಎಂದದ್ದೂ, ಅವಳು ಬ್ಯಾಡ್ರಿ ಎಂದದ್ದೂ ಕೇಳಿಸಿತು.

ಸೋಮವಾರ ಬಸ್ಸಿನಲ್ಲಿ ಆ ಕಾಗದ ನನ್ನ ಚೀಲದಲ್ಲಿತ್ತು. ಅವಳ ತಪ್ಪು ಎಲ್ಲಿದೆ ಎಂದು ತೋರಿಸಿ ಬಾಯಿ ಮುಚ್ಚಿಸಬೇಕು ಎಂದೇ ತಂದಿದ್ದೆ. ಕಿಟಕಿ ಪಕ್ಕ ಕೂತು ಓದಿದೆ, ಆ ಉತ್ತರವನ್ನು ಮೊದಲ ಸಲ ಓದಿದೆ. ಅವಳು ಭಾಗಿಸುವ ಗೋಜಿಗೇ ಹೋಗಿರಲಿಲ್ಲ. ಒಟ್ಟು ಕ್ರಮಗಳು ಎಪ್ಪತ್ತು. ಅದರಲ್ಲಿ ಖಾಲಿ ಬಸ್ಸಿನಿಂದ ಯಾರೋ ಇಳಿದುಬಿಡುವ ಕೆಟ್ಟ ಕ್ರಮಗಳು ಐವತ್ತಾರು. ಕಳೆದರೆ ಹದಿನಾಲ್ಕು. ಐದರ ಲೋಕದಲ್ಲಿ ಎಪ್ಪತ್ತು ಎಂದರೆ ಸೊನ್ನೆ, ಐವತ್ತಾರು ಎಂದರೆ ಒಂದು. ಸೊನ್ನೆಯಲ್ಲಿ ಒಂದು ಕಳೆದರೆ ಐದಕ್ಕೆ ಒಂದು ಕಡಿಮೆ, ಅಂದರೆ ನಾಲ್ಕು. ಯಾವ ಅವಿಭಾಜ್ಯ ತೆಗೆದುಕೊಂಡರೂ ಕೆಟ್ಟ ಕ್ರಮಗಳು ಒಂದನ್ನೇ ಉಳಿಸುತ್ತವೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಸಾಧಿಸಿದ್ದಳು. ಕಳೆಯುವುದಕ್ಕೆ ಯಾವ ಲೋಕದಲ್ಲೂ ಅಡ್ಡಿಯಿಲ್ಲ, ತೊಂದರೆಯಿರುವುದು ಭಾಗಿಸುವುದಕ್ಕೆ. ಅದು ತಿಳಿದೇ ಅವಳು ಈ ದಾರಿ ಹಿಡಿದಿದ್ದಳು. ಅಂಚಿನ ಅಂಕಿಗಳು ಬರೀ ಅವಳ ಅಭ್ಯಾಸ. ಸಾಧನೆ ಪಕ್ಕದಲ್ಲೇ, ನನ್ನ ಗೆರೆಯ ಕೆಳಗೇ ಇತ್ತು. ಸ್ಕೀಮಿನಲ್ಲಿ ನಾಲ್ಕು ಅಂಕ ಇಟ್ಟಿದ್ದ ಹೆಜ್ಜೆಯೂ ಅದರೊಳಗೇ ಇತ್ತು, ನಾನು ಕಂಡಿರಲಿಲ್ಲ.

ದಾರಿಯಲ್ಲಿ ಬಾತಿ ಊರು ದಾಟುವಾಗ ನಾನು ಟಿಕೆಟ್ಟಿನ ಹಿಂದೆ ಎಪ್ಪತ್ತನ್ನು ಐದರಿಂದ ಭಾಗಿಸಿ, ಬಂದ ಹದಿನಾಲ್ಕನ್ನು ಮತ್ತೆ ಐದರಿಂದ ಭಾಗಿಸಿದೆ. ನಾಲ್ಕು ಉಳಿಯಿತು. ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕ್ರಿ ಅಕ್ಕಾರೆ, ಮೈಯಾಗೆ ಹುಷಾರಿಲ್ಲೇನ್ರಿ?" ಎಂದು ಕೇಳಿದಳು.

ಅವತ್ತೇ ಪರೀಕ್ಷಾ ವಿಭಾಗಕ್ಕೆ ಹೋಗಿ ಹೇಳಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕೊಂಡಜ್ಜಿಯ ಶಾಲೆ ಬಾಗಿಲು ತೆರೆಯಲು ಇನ್ನೂ ಎರಡು ವಾರ ಇತ್ತು. ನಾನು ಹೋಗಲಿಲ್ಲ. ಅವಳು ಹೇಗೂ ರೀವ್ಯಾಲ್ಯುಯೇಶನ್‌ಗೆ ಹಾಕುತ್ತಾಳೆ, ಬೇರೆ ಊರಿನ ಯಾರೋ ನೋಡುತ್ತಾರೆ, ಅಂಕ ಬರುತ್ತದೆ, ನನ್ನ ಹೆಸರು ಎಲ್ಲೂ ಬರುವುದಿಲ್ಲ, ಹೀಗೆಂದು ನನ್ನನ್ನೇ ನಂಬಿಸಿಕೊಂಡೆ. ಆ ಬೇರೆ ಊರಿನವರಿಗೂ ನನ್ನ ಸ್ಕೀಮನ್ನೇ ಕಳಿಸುತ್ತಾರೆ ಎಂಬುದು ಗೊತ್ತಿದ್ದೂ ನಂಬಿಸಿಕೊಂಡೆ. ಊರಿನವರ ಮುಂದೆಲ್ಲ ಬಾಯಿ ಜೋರು ಮಾಡುವವಳು ಹನ್ನೊಂದು ದಿನ ಹೇಡಿಯಂತೆ ಸುಮ್ಮನಿದ್ದೆ. ಆ ದಿನಗಳಲ್ಲಿ ಮನೆಯಲ್ಲಿ ಯಾರ ಮೇಲೂ ರೇಗಲಿಲ್ಲವಂತೆ. ನನ್ನ ಗಂಡ ಹೆದರಿ ಬಿಪಿ ನೋಡಿಸೋಣ ಎಂದರು.

ಹನ್ನೊಂದನೇ ದಿನ ರೀವ್ಯಾಲ್ಯುಯೇಶನ್ ರಿಸಲ್ಟು ನೋಟಿಸ್ ಬೋರ್ಡಿಗೆ ಬಂತು. ಅವಳ ನಂಬರಿನ ಮುಂದೆ "ಬದಲಾವಣೆ ಇಲ್ಲ" ಎಂದಿತ್ತು. ಆಗ ನಾನು ಪರೀಕ್ಷಾ ವಿಭಾಗದ ಬಾಗಿಲು ತಳ್ಳಿದೆ.

ಅಲ್ಲಿಯ ಮುಖ್ಯಸ್ಥರು ಭೌತಶಾಸ್ತ್ರದವರು. ಮೆತ್ತಗಿನ ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಚಾ ತರಿಸಿದರು.

"ಕೂಡ್ರಿ ಮೇಡಂ. ರಿಸಲ್ಟ್ ಅನೌನ್ಸ್ ಆಗೈತೆ. ಈಗ ಕೀ ತಪ್ಪು ಅಂದ್ರೆ, ಸೊನ್ನೆ ಬರ್ದ ಹದಿನೇಳು ಮಂದಿದು ಮಾರ್ಕ್ಸ್ ವಾಪಸ್ ತೆಗೀಬೇಕಾಗ್ತೈತೆ. ಅವ್ರು ಸುಮ್ನಿರ್ತಾರಾ? ನೀವು ಕಲ್ಸಿದ್ದನ್ನೇ ಅವ್ರು ಬರ್ದಾರೆ."

"ಹಂಗಾದ್ರೆ ಅವ್ರದು ತೆಗೀಬ್ಯಾಡ್ರಿ. ಇವಳದು ಕೊಡ್ರಿ."

"ಒಂದು ಪ್ರಶ್ನೆಗೆ ಎರಡು ಸರಿ ಉತ್ತರ ಅಂತ ಹೆಂಗೆ ಬರೀಲಿ? ಫಾರ್ಮ್ಯಾಟ್ನಾಗೆ ಅದಕ್ಕೆ ಕಾಲಮ್ ಇಲ್ಲ." ಅವರು ಕಪಾಟಿನಿಂದ ಒಂದು ಹಾಳೆ ತೆಗೆದರು. "ಇದು ಐತೆ ನೋಡ್ರಿ. ಡಿಫೆಕ್ಟಿವ್ ಕ್ವೆಶ್ಚನ್. ಪ್ರಶ್ನೆನೇ ಸರಿ ಇರ್ಲಿಲ್ಲ ಅಂತ ಬರ್ಕೊಡ್ರಿ. ಎಲ್ರಿಗೂ ಎಂಟು ಮಾರ್ಕ್ಸ್ ಕೊಟ್ಬಿಡಾಣ. ಹುಡುಗಿನೂ ಪಾಸಾಗ್ತಾಳೆ, ನಿಮ್ಮ ಹೆಸ್ರೂ ಉಳೀತೈತೆ."

"ಪ್ರಶ್ನೆ ಸರಿ ಐತ್ರೀ! ತಪ್ಪಿದ್ದು ನಾನು!" ನನ್ನ ಕೂಗಿಗೆ ಹೊರಗೆ ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿದರು.

"ನೀವು ತಪ್ಪಿದ್ರೆ ವಿಚಾರಣೆ ಕಮಿಟಿ ಆಗ್ಬೇಕು. ಎರಡು ತಿಂಗ್ಳು ಹಿಡೀತೈತೆ. ಪ್ರಶ್ನೆ ತಪ್ಪಿದ್ರೆ ಎಂಟೊಂಬತ್ತು ದಿನದಾಗೆ ಆಗೋಗ್ತೈತೆ. ಯಾವ್ದು ಬೇಕು ಹೇಳ್ರಿ."

ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಚಾದ ಲೋಟ ತಳ್ಳಿ ಎದ್ದು ನಿಂತೆ. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಶಾಲೆ ತೆರೆಯಲು ಮೂರು ದಿನ ಉಳಿದಿತ್ತು. ಮೊದಲೇ ಬಂದಿದ್ದರೆ ಈ ಹಾಳೆಯ ದಾರಿಯಲ್ಲಾದರೂ ಸಮಯಕ್ಕೆ ಸರಿಯಾಗಿ ಆಗುತ್ತಿತ್ತು ಎಂದು ಅವರಿಗೂ ಗೊತ್ತಿತ್ತು, ಹೇಳಲಿಲ್ಲ. ನಾನು ನಿಂತುಕೊಂಡೇ ಆ ಹಾಳೆಯನ್ನು ಓದಿದೆ. "ಪ್ರಶ್ನೆಯಲ್ಲಿನ ಅಸ್ಪಷ್ಟತೆಯ ಕಾರಣ" ಎಂದು ಮೊದಲೇ ಅಚ್ಚಾಗಿತ್ತು, ಪ್ರಶ್ನೆಯ ನಂಬರಿಗೆ ಮಾತ್ರ ಜಾಗ ಬಿಟ್ಟಿತ್ತು. ಎಷ್ಟು ಜನ ನನ್ನಂಥವರು ಈ ಹಾಳೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದಾರೋ ಏನೋ. ನಂಬರು ತುಂಬಿ ಸಹಿ ಹಾಕಿದೆ.

ಒಂಬತ್ತನೇ ದಿನ ಹೊಸ ಮಾರ್ಕ್ಸ್ ಕಾರ್ಡ್ ಬಂತು. ಪೋಸ್ಟಿನಲ್ಲಿ ಕಳಿಸುವುದು ಬೇಡ ಎಂದು ನಾನೇ ಇಸಿದುಕೊಂಡು ಆನೆಕೊಂಡಕ್ಕೆ ಹೋದೆ. ಎರಡು ಕಡೆ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಗೋಡೆಗೆ ಒರಗಿಸಿದ ಕಪಾಟಿನಲ್ಲಿ ಬಣ್ಣ ಬಣ್ಣದ ದಾರದ ಉಂಡೆ. ಅವಳು ಮೆಷಿನ್ನಿನ ಮುಂದೆ ಕೂತಿದ್ದಳು. ನನ್ನನ್ನು ಕಂಡು ಎದ್ದಳು, ಅವಳ ಅಮ್ಮ ಕುರ್ಚಿ ಒರೆಸಿ, "ಬರ್ರಿ, ಕೂಡ್ರಿ" ಎಂದರು. ಕಾರ್ಡು ಕೊಟ್ಟೆ. ಅವಳು ಪೂರ್ತಿ ಓದಿದಳು, ಕೆಳಗಿನ ಸಣ್ಣ ಅಕ್ಷರದ ಷರಾ ಸಹ.

"ಇಸ್ಕೂಲಿನವ್ರು?" ಎಂದೆ.

"ಮೂರು ದಿನ ಕಾದ್ರಂತೆ. ಆಮೇಲೆ ಬೇರೆಯವ್ರನ್ನ ತಗೊಂಡ್ರು."

ನಾನು ತಲೆ ತಗ್ಗಿಸಿದೆ. ತಪ್ಪು ನನ್ನದು, ಹನ್ನೊಂದು ದಿನ ಗೊತ್ತಿದ್ದೂ ಸುಮ್ಮನಿದ್ದೆ ಎಂದು ಮಾತ್ರ ಹೇಳಿದೆ. ಅವಳ ಅಮ್ಮನಿಗೆ ಅರ್ಥವಾಯಿತೋ ಇಲ್ಲವೋ, ಒಳಗೆ ಹೋಗಿ ಚಾಕ್ಕೆ ನೀರಿಟ್ಟ ಸದ್ದು ಕೇಳಿಸಿತು.

ಅವಳು ಷರಾದ ಮೇಲೆ ಬೆರಳಿಟ್ಟಳು. "ಇಲ್ಲಿ ಪ್ರಶ್ನೆ ದೋಷಪೂರಿತ ಅಂತ ಐತಲ್ರಿ ಮೇಡಂ. ಪ್ರಶ್ನೆ ಸರಿ ಇತ್ತಲ್ರಿ. ಪಾಪ, ಅದೇನು ಮಾಡಿತ್ತು?"

"ಬೇಗ ಆಗ್ಲಿ ಅಂತ..."

"ಬೇಗ ಆತಾ?" ಅವಳ ದನಿ ಏರಿತು. ಎರಡು ವರ್ಷದಲ್ಲಿ ಅವಳು ದನಿ ಏರಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಸೊನ್ನೆ ಬರ್ದವ್ರಿಗೂ ಎಂಟು, ನನಗೂ ಎಂಟು. ನಾನು ಬರ್ದಿದ್ದು ಸರಿ ಅಂತ ಎಲ್ಲೈತ್ರಿ ಇದ್ರಾಗೆ? ಭಿಕ್ಷೆ ಹಾಕ್ದಂಗೆ ಹಾಕೀರಿ."

ನಾನು ಚೀಲದಿಂದ ಆ ಜೆರಾಕ್ಸನ್ನು ತೆಗೆದೆ. ಅದರ ಮೇಲೆ ಕೆಂಪು ಪೆನ್ನಿನಿಂದ ಎಂಟಕ್ಕೆ ಎಂಟು ಎಂದು ಬರೆದು ಸಹಿ ಹಾಕಿ ಕೊಡುತ್ತೇನೆ ಎಂದೆ. ಅದಕ್ಕೆ ಎಲ್ಲೂ ಬೆಲೆಯಿಲ್ಲ ಎಂದು ನನಗೂ ಗೊತ್ತಿತ್ತು. ಅವಳು ಕೈ ಅಡ್ಡ ಹಿಡಿದಳು.

"ಕಾಗ್ದದ ಮೇಲೆ ಬ್ಯಾಡ್ರಿ. ನನ್ನನ್ನ ಎಲ್ರ ಮುಂದೆ ಕೂಡ್ರು ಅಂದಿದ್ರಲ್ಲ, ಅದೇ ಕ್ಲಾಸಿನಾಗೆ ನಿಂತ್ಕೊಂಡು ಹೇಳ್ರಿ."

ಚಾ ಕುಡಿದು ಬಂದೆ. ಬಿಡುವಂತಿರಲಿಲ್ಲ, ಅವಳ ಅಮ್ಮ ಕೈಗೇ ಕೊಟ್ಟಿದ್ದರು.

ಹೊಸ ವರ್ಷದ ತರಗತಿ ಶುರುವಾದಾಗ ನಾನು ಹೇಳಿದೆ. ಅದೇ ಕೋಣೆ, ಅದೇ ಬೋರ್ಡು. ಬಸ್ಸಿನ ಲೆಕ್ಕ ಬರೆದೆ. ನಾನು ವರ್ಷಗಟ್ಟಲೆ ಕಲಿಸಿದ ಸೊನ್ನೆ ಬರೆದೆ. ಅದು ಯಾಕೆ ತಪ್ಪು ಎಂದು ಬರೆದೆ. ಇದನ್ನು ಒಬ್ಬಳು ಇದೇ ಬೆಂಚಿನಿಂದ ಎದ್ದು ಹೇಳಿದ್ದಳು, ನಾನು ಕೂಡ್ರು ಎಂದೆ, ಪರೀಕ್ಷೆಯಲ್ಲಿ ಸರಿಯಾಗಿ ಸಾಧಿಸಿ ಬರೆದಿದ್ದಳು, ನಾನು ಹೊಡೆದುಹಾಕಿದೆ ಎಂದು ಹೇಳಿದೆ. ಪ್ರಶ್ನೆಯಲ್ಲಿ ದೋಷವಿರಲಿಲ್ಲ ಎಂದೂ ಹೇಳಿದೆ. ಕಾಲೇಜಿನ ಮೇಲೆ, ಆ ಅಚ್ಚು ಹಾಳೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಇದ್ದ ಸಿಟ್ಟಿಗೆ ದನಿ ಜೋರಾಯಿತು. ಆಮೇಲೆ ಅವಳ ಸಾಧನೆಯನ್ನು ಮೊದಲಿಂದ ಕೊನೆಯವರೆಗೆ ಬೋರ್ಡಿನ ಮೇಲೆ ಬರೆದು, ಅಂಚಿನಲ್ಲಿ ಎರಡು, ಹದಿನಾಲ್ಕು, ನೂರ ಮೂವತ್ತೆರಡು ಬರೆದೆ.

ಮೊದಲ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಜಾಣೆ, ಅಕ್ಷರ ಮುತ್ತಿನಂತೆ.

"ಮೇಡಂ, ಪರೀಕ್ಷೆನಾಗೆ ಯಾವ್ದು ಬರೀಬೇಕ್ರಿ?"

ಅವಳು ಕುಚೋದ್ಯಕ್ಕೆ ಕೇಳಲಿಲ್ಲ. ಯಾರೂ ನಗಲಿಲ್ಲ. ಎಲ್ಲರ ಪೆನ್ನೂ ನೋಟ್‌ಬುಕ್ಕಿನ ಮೇಲೆ ಕಾಯುತ್ತಿತ್ತು. ರೇಗಲು ಬಾಯಿ ತೆರೆದೆ. ಸರಿಯಾದದ್ದನ್ನು ಬರಿ ಎಂದು ಹೇಳಿಬಿಡಬೇಕಿತ್ತು. ಹೇಳಲು ಆಗಲಿಲ್ಲ, ಯಾಕೆಂದರೆ ಸರಿಯಾದದ್ದನ್ನು ಬರೆದವಳು ಆ ಹೊತ್ತಿನಲ್ಲಿ ಆನೆಕೊಂಡದಲ್ಲಿ ಯಾರದೋ ಬ್ಲೌಸಿಗೆ ಹುಕ್ಕು ಹೊಲಿಯುತ್ತಿದ್ದಳು.